ಅವಳಿಗೆ ಸೇರದ ಈರುಳ್ಳಿ

ಮಾರ್ಚ್ ೧೧, ಮಂಗಳವಾರ

ಹೊಟ್ಟೆ ಇನ್ನೂ ನಗಾರಿಯಂತಿದೆ. ಹೆಂಡತಿ ತೀರಿಕೊಂಡ ಮೇಲೆ ಶುರುವಾದ ಕಾಟವಿದು. ಒಂದೊಂದೇ ತಿಂದು ನೋಡಿ ಆಗದ್ದನ್ನು ಬಿಡಿ ಎಂದು ಡಾಕ್ಟರು ಹೇಳಿದ ಎಲಿಮಿನೇಶನ್ ಪ್ರಕಾರ, ಕಾಲೇಜಿನಲ್ಲಿ ಅದು ಬೀಜಗಣಿತವಾಗಿತ್ತು, ಇರಲಿ, ಹಾಲು, ಗೋಧಿ ಆಗಲೇ ಔಟ್. ಇಂದು ಈರುಳ್ಳಿಯ ಸರದಿ. ಅದರ ಪಲ್ಯ ತಿಂದೆ, ಮೂರು ಗಂಟೆಗೆ ಹೊಟ್ಟೆ ಉಬ್ಬಿ ರಿಸಲ್ಟು ಬಂತು.

ಮಗಳಿಗೆ ಫೋನು ಮಾಡಿದೆ.

"ಅಮ್ಮ ಅಡುಗೆಗೆ ಈರುಳ್ಳಿ ಹಾಕ್ತಾನೇ ಇರ್ಲಿಲ್ವಲ್ಲಪ್ಪಾ."

"ಅವಳಿಗೆ ಸೇರ್ತಿರ್ಲಿಲ್ಲ ಕಣೇ."

"ಯಾರು ಹೇಳಿದ್ದು? ನಮ್ಮನೆಗೆ ಬಂದಾಗೆಲ್ಲ ಹಸೀದೇ ಕಚ್ಕೊಂಡು ಊಟ ಮಾಡ್ತಿದ್ಲು."

ಅಂದರೆ ಮೂವತ್ತೆರಡು ವರ್ಷ, ತನಗೆ ಸೇರದು ಎಂದು ಹೇಳಿಕೊಂಡೇ ನನ್ನ ಹೊಟ್ಟೆ ಕಾದಳೇ? ಡಾಕ್ಟರಿಗಿಂತ ಮೊದಲು ಅವಳಿಗೆ ಹೇಗೆ ತಿಳಿಯಿತು? ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ನಾನು ಹಟಕ್ಕೆ ತಿನ್ನುತ್ತಿದ್ದೆ, ಅದೂ ನಿಜ.

ಹೂಕೋಸಿನ ವಾಸನೆಯೂ ಆಗದು ಎನ್ನುತ್ತಿದ್ದಳು. ಡಾಕ್ಟರ ಪಟ್ಟಿಯಲ್ಲಿ ಅದಿಲ್ಲ. ಬರೆದುಕೊಂಡೆ. ಅವಳಿಗೆ ಸೇರದ್ದು ಇನ್ನೂ ಏನೇನಿತ್ತು, ನೆನಪು ಮಾಡಿಕೊಳ್ಳಬೇಕು. ಬದನೆಕಾಯಿ, ಆಮೇಲೆ...