ದೋಣಿಯ ಹಗ್ಗ, ನಿನ್ನ ಉಸಿರು

ಪ್ರೀತಿಯ ಡೊರೀನ್ ಚಿಕ್ಕಮ್ಮ,

ಹಬ್ಬಕ್ಕೆ ನಿನ್ನ ಮನೆಗೆ ಬುಧವಾರದ ಬಸ್ಸಿಗೆ ಹೊರಡುತ್ತೇನೆ. ನನಗಿಂತ ಮೊದಲು ಈ ಕಾಗದ ನಿನ್ನ ಮನೆ ತಲುಪಲಿ ಅಂತ ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ ನಾನು ‘ಕ್ಷಮಿಸು’ ಅನ್ನುವಷ್ಟರಲ್ಲಿ ನೀನು ನಕ್ಕುಬಿಟ್ಟೆ. ಅದಕ್ಕೇ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

‘ದೋಣಿಗಟ್ಟೆ’ ಸಂಗೀತ ನಾಟಕವನ್ನು ಟಿವಿಯಲ್ಲಿ ನೇರಪ್ರಸಾರ ಮಾಡುತ್ತಾರೆ ಅಂತ ಸುದ್ದಿ ಬಂದ ದಿನ ನಾನು ಕಾಲೇಜಿನ ಮೆಟ್ಟಿಲ ಮೇಲೇ ಕುಣಿದಿದ್ದೆ. ಹನ್ನೊಂದು ವರ್ಷ ಊರೂರು ಸುತ್ತಿ, ಎರಡು ಸಲ ಮಂಡಿ ಆಪರೇಷನ್ ಮಾಡಿಸಿಕೊಂಡು, ಅಂಬಿಗನ ಮಗಳು ನೆಲ್ ಆಗಿ ಹಾಡಿದವಳು ನೀನು. ಪಾತ್ರ ಇನ್ಯಾರಿಗೆ ಹೋಗಲು ಸಾಧ್ಯ? ಹೋಯಿತು. ಇಪ್ಪತ್ತಮೂರು ವರ್ಷದ, ಪಾಪ್ ಹಾಡುವ ಹುಡುಗಿ ಮಾರ್ಲೊ ಕ್ವಿನ್‌ಗೆ.

ಆನ್‌ಲೈನ್‌ನಲ್ಲಿರುವ ನಮ್ಮ ಅಭಿಮಾನಿಗಳ ಗುಂಪಿಗೆ ಬೆಂಕಿ ಬಿತ್ತು. ‘ಟಿವಿಯವರಿಗೆ ಗಂಟಲು ಬೇಡಪ್ಪ, ಮುಖ ಸಾಕು’ ಅಂತ ಒಬ್ಬ. ‘ನಾಳೆ ನಮ್ಮನೆ ಬೆಕ್ಕಿಗೂ ಕೊಡ್ತಾರೆ ಬಿಡಿ’ ಅಂತ ಇನ್ನೊಬ್ಬಳು. ನಾನು ನಿನ್ನ ಅಕ್ಕನ ಮಗಳು ಅಂತ ಗೊತ್ತಾದ ಮೇಲಂತೂ ನನ್ನ ಮಾತಿಗೆ ತೀರ್ಪಿನ ತೂಕ ಬಂತು. ತರಗತಿಯಲ್ಲಿ ಹೆಸರು ಕೂಗಿದರೆ ‘ಹಾಜರ್’ ಅನ್ನಲೂ ಬೆವರುವ ನನಗೆ ಅಲ್ಲಿ ಮಾತ್ರ ಭಯವೇ ಇರಲಿಲ್ಲ. ಆ ರುಚಿ ಹತ್ತಿಬಿಟ್ಟಿತ್ತು, ಚಿಕ್ಕಮ್ಮ.

ಅಷ್ಟರಲ್ಲಿ ರಿಹರ್ಸಲ್‌ನ ಒಂದು ವಿಡಿಯೋ ತುಣುಕು ಹೊರಗೆ ಬಂತು. ಮಾರ್ಲೊ ಮುಖ ಮಾತ್ರ ಕಾಣುತ್ತಿತ್ತು. ಕೊನೆಯ ಹಾಡಿನ ಕೊನೆಯ ಸಾಲಿನಲ್ಲಿ, ಸರಿಯಾಗಿ ನಡುವೆ, ಅವಳು ಉಸಿರೆಳೆದುಕೊಂಡಳು. ಆ ಸಾಲನ್ನು ನೀನು ಒಂದೇ ಉಸಿರಿಗೆ ಹಾಡುತ್ತೀಯ ಅಂತ ನನಗೆ ಗೊತ್ತಿತ್ತು. ಕೂಡಲೇ ಬರೆದೆ: ‘ಮೆಟ್ಟಿಲು ಹತ್ತಿದ ಎಮ್ಮೆ ಹಾಗೆ ಏದುಸಿರು ಬಿಡ್ತಾಳೆ. ಇವಳಿಗೆ ಹಾಡು ಕಲಿಸಿದ ಪುಣ್ಯಾತ್ಮರು ಯಾರೋ!’ ನಲವತ್ತು ಸಾವಿರ ಜನ ಮೆಚ್ಚಿದರು.

ಮಾರನೇ ವಾರ ನೀನು ಡ್ರೆಸ್ ರಿಹರ್ಸಲ್‌ಗೆ ಟಿಕೆಟ್ ಕಳಿಸಿದೆ. ‘ನಿನ್ನ ಪಾತ್ರ ಕದ್ದ ಆ ಕಳ್ಳಿಯನ್ನು ನೋಡೋಕೆ ನಾನು ಬರಲ್ಲ’ ಅಂತ ಬರೆದು ನಾನದನ್ನು ವಾಪಸ್ ಕಳಿಸಿದೆ. ನಿನ್ನ ಪರವಾಗಿ ನಿಂತಿದ್ದೇನೆ ಅನ್ನುವ ಜಂಬ ನನಗೆ. ನೀನು ಬರೆದದ್ದು ಒಂದೇ ಮಾತು: ‘ಬಂದು ನೋಡಬಹುದಿತ್ತು.’ ಆಮೇಲೆ ಮೂರು ವಾರ ಮೌನ. ಹಬ್ಬಕ್ಕೆ ಕರೆಯುತ್ತೀಯೋ ಇಲ್ಲವೋ ಅಂತ ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದೆ. ನಿನ್ನ ಮನೆ ಬಿಟ್ಟರೆ ಈ ಅಮೆರಿಕದಲ್ಲಿ ನನಗೆ ಹೋಗಲು ಇನ್ನೊಂದು ಮನೆ ಇಲ್ಲ.

ನೇರಪ್ರಸಾರದ ದಿನ ಹಾಸ್ಟೆಲಿನ ಹಾಲ್‌ನಲ್ಲಿ ಮೂವತ್ತು ಜನ ಸೇರಿದ್ದೆವು. ನನ್ನ ರೂಮ್‌ಮೇಟ್ ಟಮ್ಸಿನ್ ಪಾಪ್‌ಕಾರ್ನ್ ಹಿಡಿದು, ‘ಬಾರೇ ಜಡ್ಜಮ್ಮ, ಎಮ್ಮೆ ಬರೋ ಹೊತ್ತಾಯ್ತು’ ಅಂತ ಕರೆದಳು. ಕೊನೆಯ ಹಾಡು ಬಂತು. ಕ್ಯಾಮೆರಾ ಹಿಂದಕ್ಕೆ ಸರಿಯಿತು. ಮಾರ್ಲೊ ಕೈಯಲ್ಲಿ ದಪ್ಪ ಹಗ್ಗ, ಹಗ್ಗದ ತುದಿಗೆ ದೋಣಿ, ದೋಣಿಯಲ್ಲಿ ಕಾಯಿಲೆ ಬಿದ್ದ ಅಪ್ಪ. ಎಳೆದಳು. ಅರ್ಧ ಸಾಲು ಹಾಡಿದಳು. ಕೈ ಸೋತಿತು, ಉಸಿರೆಳೆದುಕೊಂಡಳು, ಮತ್ತೆ ಎಳೆದಳು. ಹಾಲ್‌ನಲ್ಲಿ ಪಾಪ್‌ಕಾರ್ನ್ ಸದ್ದು ನಿಂತೇಹೋಯಿತು. ಟಮ್ಸಿನ್ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆಗ ನನಗೆ ಹೊಳೆಯಿತು: ನಿನ್ನ ನಾಟಕವನ್ನು ನಾನು ಒಂದು ಸಲವೂ ನೋಡಿಲ್ಲ. ನೀನು ಇಲ್ಲಿ ಊರೂರು ಸುತ್ತುವಾಗ ನಾನು ಅಪ್ಪನ ಇಂಗ್ಲೆಂಡಿನಲ್ಲಿ, ‘ಅರ್ಧ ಅಮೆರಿಕದವಳು’ ಅಂತ ಆಡಿಸಿಕೊಳ್ಳುತ್ತಾ, ಅಲ್ಲಿಯ ಶಾಲೆಯ ಹಾಸ್ಟೆಲಿನ ಕಂಬಳಿಯೊಳಗೆ ನಿನ್ನ ಧ್ವನಿಮುದ್ರಣ ಕೇಳುತ್ತಿದ್ದೆ. ಸ್ಟುಡಿಯೋದಲ್ಲಿ ಹಾಡಿದ್ದು ಅದು. ಅಲ್ಲಿ ಹಗ್ಗವಿರಲಿಲ್ಲ, ಭಾರವಿರಲಿಲ್ಲ, ಸಾಲಿನ ನಡುವೆ ಉಸಿರೆಳೆಯುವ ಅಗತ್ಯವೂ ಇರಲಿಲ್ಲ. ಕೇಳಿ ಕೇಳಿ ಬಾಯಿಪಾಠವಾದದ್ದನ್ನೇ ನೋಡಿದ್ದೇನೆ ಅಂದುಕೊಂಡುಬಿಟ್ಟಿದ್ದೆ. ಆ ನಲವತ್ತು ಸಾವಿರದಲ್ಲಿ ನನ್ನಂಥವರು ಎಷ್ಟು ಜನರೋ!

ಕೊನೆಗೆ ಹೆಸರುಗಳು ಬಂದವು. ‘ಹಾಡಿನ ತರಬೇತಿ: ಡೊರೀನ್ ಹ್ಯಾಲೊಕ್.’ ಪ್ರಸಾರದವರೆಗೆ ಬಾಯಿ ಬಿಡುವಂತಿಲ್ಲ ಅಂತ ಟಿವಿಯವರು ನಿನ್ನಿಂದ ಸಹಿ ಹಾಕಿಸಿಕೊಂಡಿದ್ದರಂತೆ. ಕೂಡಲೇ ಫೋನ್ ಮಾಡಿದರೆ ನೀನು ಅಂದದ್ದು: ‘ಎಮ್ಮೆಗೆ ಉಸಿರು ಕಲಿಸಿದ ಪುಣ್ಯಾತ್ಮಳು ನಾನೇ ಕಣೇ, ಹೆಟ್ಟಿ.’ ಆಮೇಲೆ ದನಿ ತಗ್ಗಿಸಿ, ‘ನೀನು ಬರೆದಿದ್ದು ಓದಿ ಆ ಹುಡುಗಿ ಎರಡು ದಿನ ಹಾಡಲಿಲ್ಲ. ಅದಕ್ಕೆ ಮಾತ್ರ ನಂಗೆ ಸಿಟ್ಟು ಬಂತು’ ಅಂದೆ.

ನಾನು ಬರೆದದ್ದನ್ನು ಅಳಿಸಿಲ್ಲ. ಅದರ ಕೆಳಗೇ ನನ್ನ ಪೂರ್ತಿ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದೆ. ಮೆಚ್ಚಿದವರು ಹದಿನೇಳು ಜನ. ಬೈದವರೇ ಹೆಚ್ಚು. ಆದರೂ ಆ ದಿನ ಮಧ್ಯಾಹ್ನ ಹೊಟ್ಟೆ ತುಂಬ ಉಂಡೆ. ಮಾರ್ಲೊಗೆ ಬೇರೆ ಕಾಗದ ಬರೆದು ಇದರೊಳಗೇ ಇಟ್ಟಿದ್ದೇನೆ, ತಲುಪಿಸು.

ಹಬ್ಬಕ್ಕೆ ಕರೆಯುತ್ತಾ ನೀನು ಹಾಕಿದ ಷರತ್ತು ನೆನಪಿದೆ: ‘ಒಂಬತ್ತು ಕಿಲೋ ಟರ್ಕಿ ಕೋಳಿ ತರಿಸಿದೀನಿ. ಅದನ್ನ ಓವನ್ನಿಂದ ನೀನೇ ಎತ್ತಬೇಕು, ಎತ್ತುತ್ತಾ ಆ ಸಾಲು ಹಾಡಬೇಕು. ಉಸಿರು ಎಲ್ಲಿ ಬೀಳತ್ತೆ ನೋಡೋಣ.’ ಒಪ್ಪಿದೆ, ಚಿಕ್ಕಮ್ಮ. ಆದರೆ ಮೊದಲು ನೀನು ಎತ್ತಿ ಹಾಡು. ನಾನು ಎದುರಿಗೆ ಕೂತು, ಈ ಸಲ ಕಣ್ಣು ಬಿಟ್ಟು ನೋಡುತ್ತೇನೆ.

ನಿನ್ನ ಮಂಡಿ ನೋಯದಿರಲಿ, ಉಸಿರು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ಅಡುಗೆಮನೆಯ ಮೊದಲ ಸಾಲಿನ ಪ್ರೇಕ್ಷಕಿ,
ಹೆಟ್ಟಿ