ಡಬ್ಬಿಯ ಮೇಲಿನ ಚೀಟಿ

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ

ಪ್ರೀತಿಯ ಅಕ್ಕ,

ನಿನ್ನ ಪತ್ರ ಬಂದು ಆರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ; ಬೈಯಲೇಬೇಕಿದ್ದರೆ ಇದನ್ನು ಪೂರ್ತಿ ಓದಿದ ಮೇಲೆ ಬೈಯಿ. ಸರಿಯಾಗಿ ನಿದ್ದೆಯಿಲ್ಲದೆ ನನ್ನ ತಲೆ ಯಾರದೋ ತಲೆಯ ಹಾಗೆ ಆಗಿಬಿಟ್ಟಿದೆ. ನಿನ್ನೆ ಚಹಾಕ್ಕೆ ಸಕ್ಕರೆ ಎಂದುಕೊಂಡು ಉಪ್ಪು ಹಾಕಿದೆ. ನಮ್ಮ ಮಾವ ಒಂದು ಗುಟುಕು ಕುಡಿದು, "ಇವತ್ತು ಬೇರೆ ಥರ ಇದೆಯಮ್ಮ" ಅಂದವರು ಲೋಟ ಖಾಲಿ ಮಾಡಿಯೇ ಇಟ್ಟರು.

ನನ್ನ ಮಗಳು ಈಗ ತಾನೇ ಮಲಗಿದ್ದಾಳೆ. ಅಂಬೆಗಾಲಿಡುತ್ತ ಮನೆಯ ಮೂಲೆಮೂಲೆ ತಪಾಸಣೆ ಮಾಡುವುದರಿಂದ ಅವಳಿಗೆ ಇನ್‌ಸ್ಪೆಕ್ಟರ್ ಎಂದು ಹೆಸರು ಬಿದ್ದಿದೆ. ನೀನು ಹೆಣೆದು ಕೊಟ್ಟ ಹಳದಿ ಸ್ವೆಟರ್ ಆಗಲೇ ತೋಳಿಗೆ ಹಿಡಿಯುತ್ತಿಲ್ಲ. ಹತ್ತು ತಿಂಗಳು ತುಂಬಿತು. ಅವಳ ರಕ್ತಪರೀಕ್ಷೆ ಈ ಸಲವೂ ನೆಗೆಟಿವ್. ಹದಿನೆಂಟು ತಿಂಗಳಿಗೆ ಇನ್ನೊಂದು ಸಲ ನೋಡಿಬಿಟ್ಟರೆ ಮುಗಿಯಿತು, ಆಮೇಲೆ ಈ ಆಸ್ಪತ್ರೆಯ ಕಡೆ ಇವಳು ತಲೆಹಾಕುವುದೇ ಬೇಡ ಎಂದರು ಡಾಕ್ಟರು.

ಪತ್ರವನ್ನು ಮನೆಗಲ್ಲ, ನಿನ್ನ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನನ್ನು ಅರ್ಧ ಸಲ ಭಾವನೇ ಎತ್ತುತ್ತಾರೆ. ಅಲ್ಲದೆ ಇದರ ಜೊತೆ ಒಂದು ಕಾಗದವನ್ನೂ ಕಳಿಸಬೇಕಾಗಿದೆ. ಇದುವರೆಗೆ ನಿನಗೆ ಬರೆದ ಯಾವ ಪತ್ರದಲ್ಲೂ ಕಾಯಿಲೆಯ ಹೆಸರು ಬರೆದವಳಲ್ಲ ನಾನು. "ನನ್ನ ಆ ವಿಷಯ" ಎಂದಷ್ಟೇ ಬರೆಯುತ್ತಿದ್ದೆ. ಈ ಸಲ ಬರೆಯುತ್ತೇನೆ. ಎಚ್‌ಐವಿ. ನೋಡು, ಬರೆದೆ. ಪೆನ್ನು ಮುರಿಯಲಿಲ್ಲ.

ಆಗಿದ್ದು ಇಷ್ಟು. ಇವರ ಲಿಫ್ಟ್ ಕಂಪನಿಯವರು ಜನವರಿಯಿಂದ ಇನ್ಶೂರೆನ್ಸ್ ಬದಲಾಯಿಸಿದರು. ಹಳೆಯವರಿದ್ದಾಗ ಯೋಚನೆಯೇ ಇರಲಿಲ್ಲ. ಆಸ್ಪತ್ರೆಗೂ ಅವರಿಗೂ ನೇರ ಲೆಕ್ಕ, ನಾನು ತಿಂಗಳಿಗೊಮ್ಮೆ ಹೋಗಿ ಡಬ್ಬಿ ತರುತ್ತಿದ್ದೆ. ಹೊಸಬರು ಎರಡು ತಿಂಗಳು ಕೊಟ್ಟು, ಈಗ ಮಾತ್ರೆಯ ಬೆಲೆ ನೋಡಿ ಎದ್ದು ಕೂತಿದ್ದಾರೆ. ಅಗ್ಗದ ಮಾತ್ರೆಗಳೂ ಇವೆ, ಧರ್ಮಕ್ಕೆ ಸಿಗುವವೂ ಇವೆ. ಅವು ನನ್ನ ಮೈಗೆ ನಾಟುವುದು ನಿಂತು ಮೂರು ವರ್ಷವಾಯಿತೆಂದು ನಿನಗೆ ಗೊತ್ತಿದೆಯಲ್ಲ. ನನಗೆ ಉಳಿದಿರುವುದು ಈ ಒಂದೇ. ಇದನ್ನು ನಡುನಡುವೆ ಬಿಟ್ಟರೆ ಇದೂ ಕೈಕೊಡುತ್ತದೆ.

ಮೊದಲ ಸಲ ಅವರಿಗೆ ಫೋನ್ ಮಾಡಿದಾಗ ಮಾವ ಪಕ್ಕದ ಕೋಣೆಯಲ್ಲೇ ಇದ್ದರು. ಆ ಕಡೆ ಒಬ್ಬಳು ಹುಡುಗಿ, ಬಲು ಉತ್ಸಾಹದವಳು.

"ಯಾವ ಕಾಯಿಲೆಗೆ ಮೇಡಂ?"

"ಅದೇ... ಮೂರಕ್ಷರದ್ದು."

"ಕ್ಯಾನ್ಸರಾ ಮೇಡಂ?"

"ಅಲ್ಲಮ್ಮ."

"ಟೀಬೀನಾ?"

"ಅದಕ್ಕೆ ಎರಡೇ ಅಕ್ಷರ ಅಲ್ವೇನಮ್ಮ!"

"ಮೇಡಂ, ನೀವು ಒಗಟು ಹಾಕ್ತಾ ಕೂತ್ರೆ ನಾನು ಏನಂತ ಬರ್ಕೊಳ್ಲಿ?"

ಕೊನೆಗೆ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ನಲ್ಲಿ ಬಿಟ್ಟು ಹೇಳಿದೆ. ನೀರಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. "ಜೋರಾಗಿ ಹೇಳಿ ಮೇಡಂ" ಅಂದಳು. ಜೋರಾಗಿ ಹೇಳಿದೆ. ನಗಬೇಡ. ನನಗೂ ಆಮೇಲೆ ನಗು ಬಂತು, ಜೊತೆಗೆ ಅಳುವೂ.

ಹೊಸಬರು ಕೇಳಿದ್ದು ಹಿಂದಿನ ಹನ್ನೆರಡು ತಿಂಗಳು ಒಂದೂ ತಪ್ಪದೆ ಮಾತ್ರೆ ತೆಗೆದುಕೊಂಡಿದ್ದಕ್ಕೆ ಪುರಾವೆ. ಡಾಕ್ಟರು ಪತ್ರ ಕೊಟ್ಟರು. "ಡಾಕ್ಟ್ರು ಬರ್ದುಕೊಟ್ಟಿದ್ದಾರೆ, ಸರಿ ಮೇಡಂ. ನೀವು ತಗೊಂಡಿದ್ದೀರಿ ಅನ್ನೋದಕ್ಕೆ?" ಅಂದಳು ಹುಡುಗಿ. ರಸೀದಿ ಕಳಿಸಿದೆ. ರಸೀದಿಯಲ್ಲಿ "ಔಷಧಿ" ಎಂದಷ್ಟೇ ಇದೆ. ಮಾತ್ರೆಯ ಹೆಸರು ಬರೆಯಬೇಡಿ ಎಂದು ಔಷಧಿ ಕೌಂಟರಿನವನಿಗೆ ಕೈಮುಗಿದು ಕೇಳಿಕೊಂಡವಳು ನಾನೇ. ಹಾಗಾದರೆ ಪ್ರತಿ ಡಬ್ಬಿಯ ಮೇಲೂ ಆಸ್ಪತ್ರೆಯವರು ಅಂಟಿಸುವ ಚೀಟಿ ಇರುತ್ತದಲ್ಲ, ನನ್ನ ನಂಬರು, ತಾರೀಖು ಎಲ್ಲ ಇರುವಂಥದ್ದು, ಆ ಹನ್ನೆರಡು ಚೀಟಿಗಳನ್ನು ಫಾರಮಿಗೆ ಅಂಟಿಸಿ ಕಳಿಸಿ ಎಂದಳು. ಇಲ್ಲವಾದರೆ ನಡುವೆ ಔಷಧಿ ನಿಲ್ಲಿಸಿದ್ದೀರಿ ಎಂದೇ ಲೆಕ್ಕ, ಎರಡು ವರ್ಷ ಏನೂ ಸಿಗುವುದಿಲ್ಲ.

ಚೀಟಿ! ಅಕ್ಕ, ಡಬ್ಬಿ ಮನೆಗೆ ಬಂದ ತಕ್ಷಣ ನಾನು ಮಾಡುವ ಮೊದಲ ಕೆಲಸ ಅದನ್ನು ಕೀಳುವುದು. ನೀನೇ ಹೇಳಿಕೊಟ್ಟ ಬುದ್ಧಿ ಅದು: "ಬೋಳು ಡಬ್ಬಿ ನೋಡಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ ಗುಬ್ಬಿ, ಶಕ್ತಿ ಮಾತ್ರೆ ಅಂದ್ಬಿಡು." ಕಿತ್ತು, ಉಂಡೆ ಮಾಡಿ, ಖಾಲಿ ಹಾಲಿನ ಪ್ಯಾಕೆಟ್ಟಿನೊಳಗೆ ತುರುಕಿ, ಕಸದ ಬುಟ್ಟಿಯ ತಳಕ್ಕೆ ಹಾಕುತ್ತಿದ್ದೆ. ಎಷ್ಟು ನಾಜೂಕಾಗಿ ಬಚ್ಚಿಟ್ಟೆನೆಂದರೆ, ನನಗೆ ಕಾಯಿಲೆಯೇ ಇಲ್ಲವೆಂದು ನಾನೇ ಸಾಬೀತು ಮಾಡಿಬಿಟ್ಟಿದ್ದೆ.

ಇವರು, "ಒಂದೆರಡು ಡಬ್ಬಿ ಹೇಗಾದ್ರೂ ಮಾಡಿ ಕೊಳ್ಳೋಣ, ಆಮೇಲೆ ನೋಡ್ಕೊಳ್ಳೋಣ" ಅಂದರು. "ಆಮೇಲೆ ಅಂದ್ರೆ?" ಎಂದರೆ ಮತ್ತೆ ಅದೇ ಮಾತು. ಎತ್ತರದ ಕಟ್ಟಡದಲ್ಲಿ ನಡುವೆ ನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಹೊರಗಿನಿಂದ ಧೈರ್ಯ ಹೇಳಿ ಹೇಳಿ ಅವರಿಗೆ ಅದೇ ದನಿ ರೂಢಿಯಾಗಿದೆ. ಒಳಗಿರುವವಳು ನಾನು ಎಂದು ಜಗಳ ಆಡಿದೆ. ಪಾಪ, ಅವರೂ ಒಳಗೇ ಇದ್ದರು.

ಕಳೆದ ಬುಧವಾರ ಬೆಳಿಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ, ಕೊನೆಯ ಡಬ್ಬಿಯ ಚೀಟಿಯಾದರೂ ಸಿಕ್ಕೀತೆಂದು ಹಿಂಬಾಗಿಲ ಬಳಿ ಕಸದ ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂತಿದ್ದೆ. ಅದನ್ನು ಕಿತ್ತು ವಾರದ ಮೇಲಾಗಿತ್ತು, ಬುಟ್ಟಿ ದಿನಾ ಖಾಲಿಯಾಗುತ್ತದೆ, ಅದೆಲ್ಲ ಗೊತ್ತಿದ್ದೂ ಹುಡುಕುತ್ತಿದ್ದೆ. ಮೊಣಕೈವರೆಗೆ ಕಸ. ಹಿಂದೆ ಮಾವ ಬಂದು ನಿಂತಿದ್ದರು.

"ಏನಮ್ಮ ಹುಡುಕ್ತಾ ಇದ್ದೀಯ?"

"ಕಿವಿಯೋಲೆ ಬಿದ್ದುಹೋಯ್ತು ಮಾವ."

ಅವರು ಬಗ್ಗಿ ನನ್ನ ಎರಡೂ ಕಿವಿ ನೋಡಿದರು. "ಎರಡೂ ಅಲ್ಲೇ ಇವೆಯಲ್ಲ," ಅಂದರು. ಒಳಗೆ ಹೋದರು.

ಮಾವನನ್ನು ನೀನು ಒಂದೇ ಸಲ ನೋಡಿದ್ದು. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತವರು. ಅವರ ಒಂದೇ ಒಂದು ಹುಚ್ಚೆಂದರೆ ಬೆಂಕಿಪೊಟ್ಟಣದ ಮೇಲಿನ ಚಿತ್ರ ಕೂಡಿಡುವುದು. ಆಲ್ಬಮ್ಮುಗಳೇ ಒಂದು ಬೀರು ತುಂಬ ಇವೆ. ಅತ್ತೆ ಬದುಕಿದ್ದಾಗ "ಬೀದಿಗೆ ಬಿದ್ದದ್ದೆಲ್ಲ ನಮ್ಮ ಮನೆಯ ಆಸ್ತಿ" ಎಂದು ಹಂಗಿಸುತ್ತಿದ್ದರಂತೆ. ಈ ಮನೆಯಲ್ಲಿ ಬೆಳಿಗ್ಗೆ ಕಸ ಹಾಕಿಬರುವುದು ಅವರದೇ ಪಾಲಿನ ಕೆಲಸ. ಹಾಕುವ ಮುಂಚೆ ಒಮ್ಮೆ ಕೈಯಾಡಿಸಿ, ಕಾಗದವನ್ನೆಲ್ಲ ಬೇರೆ ಮಾಡುತ್ತಾರೆ. ಅದು ನನಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಹಾಲಿನ ಪ್ಯಾಕೆಟ್ಟಿನೊಳಗೆ ಯಾರು ನೋಡುತ್ತಾರೆ ಎಂದುಕೊಂಡಿದ್ದೆ.

ಅವರು ಒಂದು ತೆಳ್ಳನೆಯ ಆಲ್ಬಮ್ ತಂದು ನನ್ನ ಮುಂದೆ ಇಟ್ಟರು. "ಇದೇನಾ ನೋಡು. ಮೊದಲು ಕೈ ತೊಳ್ಕೊ."

ಪುಟಕ್ಕೆ ನಾಲ್ಕರಂತೆ ನನ್ನ ಚೀಟಿಗಳು. ಒಂದೊಂದನ್ನೂ ಸುಕ್ಕು ಬಿಡಿಸಿ, ಒಣಗಿಸಿ, ಅಂಚು ನೇರ ಮಾಡಿ ಕೂರಿಸಿದ್ದರು. ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ಸಿಕ್ಕ ತಾರೀಖು. ನಾನು ಈ ಮನೆಗೆ ಬಂದ ಮೊದಲ ತಿಂಗಳಿಂದ.

ಮಾವನೇ ಮಾತಾಡಿದರು. "ನೀನು ಒಣಗಿದ್ದನ್ನ ಹಾಗೇ ಕೀಳ್ತೀಯ, ಅದೇ ತಪ್ಪು. ಮೂಲೆ ಹರಿದುಹೋಗುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ಬಿಡಬೇಕು. ತಾನಾಗೇ ಬರುತ್ತೆ."

"ಇದನ್ನೆಲ್ಲ ಓದಿದ್ರಾ ಮಾವ?"

"ಅಚ್ಚು ಹಾಕೋದು ಓದೋದಕ್ಕೆ ತಾನೇ? ಮೊದಲನೇದು ಅರ್ಥ ಆಗ್ಲಿಲ್ಲ. ಔಷಧಿ ಅಂಗಡಿಗೆ ಹೋಗಿ ಕೇಳ್ಕೊಂಡು ಬಂದೆ."

ಎರಡು ವರ್ಷ! ಎರಡು ವರ್ಷ ಮಾವ ನಾನು ಬಡಿಸಿದ್ದನ್ನು ಉಂಡಿದ್ದಾರೆ. ಮಗು ಅತ್ತಾಗ ನಾನು ಅರ್ಧಕ್ಕೇ ಬಿಟ್ಟೆದ್ದ ಚಹಾವನ್ನು "ಆರಿಹೋಗುತ್ತೆ" ಎಂದು ಎತ್ತಿ ಕುಡಿದಿದ್ದಾರೆ. ಅದರಿಂದ ಏನೂ ಅಂಟುವುದಿಲ್ಲವೆಂದು ನನಗೆ ಗೊತ್ತು, ನಿನಗೂ ಗೊತ್ತು; ಅವರಿಗೆ ಅಂಗಡಿಯವನು ಏನು ಹೇಳಿದನೋ.

"ನನ್ನನ್ನ ಯಾಕೆ ಕೇಳ್ಲಿಲ್ಲ ಮಾವ?"

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಅಷ್ಟು ಕಷ್ಟಪಟ್ಟು ಕೀಳ್ತಾ ಇದ್ದೆ. ಕೇಳೋದು ಹ್ಯಾಗಮ್ಮ?"

ನಾನು ಕೂತು ಅತ್ತುಬಿಟ್ಟೆ. ಅವರು ಕಸವನ್ನೆಲ್ಲ ಬುಟ್ಟಿಗೆ ತುಂಬಿದರು. ಇನ್‌ಸ್ಪೆಕ್ಟರ್ ಬಂದು ಆಲ್ಬಮ್ಮಿಗೆ ಕೈಹಾಕಿದಾಗ ಮಾತ್ರ ಗಾಬರಿಯಿಂದ ಕೂಗಿದರು, "ಏಯ್, ಒದ್ದೆ ಕೈ, ಒದ್ದೆ ಕೈ!"

ಇಷ್ಟೂ ಸಂತೋಷದ ಸುದ್ದಿ. ಇನ್ನು ಕೆಲಸದ ಮಾತು.

ಬೇಕಾಗಿದ್ದು ಹನ್ನೆರಡು. ಆಲ್ಬಮ್ಮಿನಲ್ಲಿ ಸಿಕ್ಕಿದ್ದು ಹತ್ತು. ಕಳೆದ ಮಾರ್ಚಿನ ಮತ್ತು ಏಪ್ರಿಲಿನ ಜಾಗ ಖಾಲಿ. ಮಾವ ಆ ಎರಡು ಚೌಕಗಳಲ್ಲೂ "ಅಕ್ಕನ ಮನೆ" ಎಂದು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾರೆ.

ನೆನಪಿದೆಯಲ್ಲ, ಹೆರಿಗೆಗೆ ಮುಂಚೆ ಓಡಾಡಬಾರದೆಂದು ಡಾಕ್ಟರು ಹೇಳಿದ್ದರಿಂದ, ಆಸ್ಪತ್ರೆಗೆ ಹತ್ತಿರವೆಂದು ನಿನ್ನ ಮನೆಗೆ ಬಂದಿದ್ದು. ಆ ಎರಡು ತಿಂಗಳು ನನ್ನನ್ನು ಕೂತಲ್ಲಿಂದ ಏಳಲು ಬಿಡಲಿಲ್ಲ ನೀನು. ಒಂದು ಲೋಟ ತೊಳೆಯಲೂ ಬಿಡಲಿಲ್ಲ. "ನೀನು ಅಡುಗೆಮನೆಗೆ ಕಾಲಿಟ್ರೆ ನೋಡು" ಎಂದು ಗದರುತ್ತಿದ್ದೆ. ಚೀಟಿಗಳನ್ನು ನೀನೇ ಕಿತ್ತು, ಭಾವನ ಕಣ್ಣಿಗೆ ಬೀಳದಂತೆ ಒಲೆಯಲ್ಲಿ ಸುಟ್ಟೆ. ಹಾಗಾಗಿ ಅವೆರಡು ಎಲ್ಲೂ ಇಲ್ಲ.

ಹುಡುಗಿಗೆ ಫೋನ್ ಮಾಡಿದೆ, ಈ ಸಲ ನಡುಮನೆಯಿಂದಲೇ. ಅವಳು ಮೇಲಿನವರನ್ನು ಕೇಳಿ ಹೇಳಿದಳು: ಆ ಎರಡು ತಿಂಗಳು ಯಾರ ಮನೆಯಲ್ಲಿದ್ದೆನೋ ಅವರು, ಇವಳು ನಮ್ಮ ಮನೆಯಲ್ಲಿದ್ದು ಈ ಕಾಯಿಲೆಗೆ ಈ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡಿದ್ದಾಳೆ ಎಂದು ಹೆಸರು, ವಿಳಾಸದ ಸಮೇತ ಸಹಿಮಾಡಿ ಕೊಟ್ಟರೆ ಸಾಕು. ಆ ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿದೆ. ಅದರ ಕೆಳಗೇ ನಿನ್ನ ಹೆಸರು ಬರಬೇಕು. ಇಪ್ಪತ್ತನಾಲ್ಕರೊಳಗೆ ಅವರ ಕೈ ಸೇರಬೇಕು. ಇವತ್ತಿನದನ್ನು ನುಂಗಿದ ಮೇಲೆ ಡಬ್ಬಿಯಲ್ಲಿ ಹದಿನಾರು ಮಾತ್ರೆಗಳಿವೆ.

ಭಾವನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟಿದ್ದು. ಆ ಕಾಗದ ಇನ್ಶೂರೆನ್ಸಿನವರ ಫೈಲಿನಿಂದ ಹೊರಗೆ ಬರುವುದಿಲ್ಲ ಎಂದಿದ್ದಾರೆ. ಆದರೂ ನಿನ್ನ ಎದೆ ಹೊಡೆದುಕೊಳ್ಳುತ್ತದೆಂದು ನನಗೆ ಗೊತ್ತು. ನನ್ನದೂ ಹತ್ತು ವರ್ಷದಿಂದ ಹಾಗೇ ಹೊಡೆದುಕೊಳ್ಳುತ್ತಿದೆ.

ಇನ್‌ಸ್ಪೆಕ್ಟರ್ ಎದ್ದಳು. ಮಾವನೇ ಎತ್ತಿಕೊಂಡು, ಆನೆಯ ಚಿತ್ರದ ಬೆಂಕಿಪೊಟ್ಟಣ ತೋರಿಸುತ್ತಿದ್ದಾರೆ. ಭಾವನಿಗೆ ನನ್ನ ನಮಸ್ಕಾರ ಹೇಳು, ಮಕ್ಕಳಿಗೆ ಒಂದೊಂದು ಮುತ್ತು ಕೊಡು. ದೊಡ್ಡವಳು ನೀನು, ಎಲ್ಲಿದ್ದರೂ ನನ್ನ ಮಗಳ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ಗುಬ್ಬಿ

ಮತ್ತೆ:

ಬರೆಯಬಾರದು ಎಂದುಕೊಂಡೇ ಲಕೋಟೆಗೆ ಅಂಟು ಹಚ್ಚಲು ಹೊರಟಿದ್ದೆ. ನಿನ್ನ ಮನೆಯಲ್ಲಿದ್ದಾಗ ಒಂದು ದಿನ ನೀನು ಶಾಲೆಗೆ ಹೋದ ಮೇಲೆ, ಮಲಗಿ ಮಲಗಿ ಸಾಕಾಗಿ, ನಾನು ಉಂಡ ತಟ್ಟೆಯನ್ನು ತೊಳೆಯಲು ಹೋದೆ. ತಟ್ಟೆ ಮಗುಚಿದಾಗ ಅಡಿಯಲ್ಲಿ ಕೆಂಪು ಉಗುರುಬಣ್ಣದ ಒಂದು ಚುಕ್ಕೆ ಕಂಡಿತು. ಲೋಟದ ಅಡಿಯಲ್ಲೂ ಇತ್ತು, ಚಮಚದ ಹಿಡಿಯ ಹಿಂದೆಯೂ ಇತ್ತು. ಉಳಿದವರ ತಟ್ಟೆಗಳನ್ನೆಲ್ಲ ಒಂದೊಂದಾಗಿ ಮಗುಚಿ ನೋಡಿದೆ. ಅವಕ್ಕೆ ಇರಲಿಲ್ಲ. ಬಿಸಿನೀರು ಹಾಕಿ, ಉಗುರಿನಿಂದ ಕೆರೆದೆ. ಬರಲಿಲ್ಲ. ತೊಳೆದದ್ದು ನಿನಗೆ ತಿಳಿಯದಿರಲೆಂದು ತಟ್ಟೆಗೆ ಒಂದಿಷ್ಟು ಅನ್ನ ಮೆತ್ತಿ ಇದ್ದಲ್ಲೇ ಇಟ್ಟು ಬಂದು ಮಲಗಿದೆ. ಅದಾದ ಮೇಲೆ ಇಪ್ಪತ್ತಮೂರು ದಿನ ಅದರಲ್ಲೇ ಉಂಡೆ.

ಯಾಕೆ ಎಂದು ನಿನ್ನನ್ನು ಕೇಳಲಿಲ್ಲ. ಯಾರಿಗೂ ಕಾಣಬಾರದೆಂದು ಅಷ್ಟು ಚಿಕ್ಕದಾಗಿ, ಅಷ್ಟು ಜೋಪಾನವಾಗಿ ನೀನು ಇಟ್ಟಿದ್ದೆ. ಕೇಳುವುದು ಹೇಗೆ ಅಕ್ಕ?

ಸಹಿಯನ್ನು ನೀಲಿ ಶಾಯಿಯಲ್ಲೇ ಮಾಡು. ಟೀಚರು ನೀನು, ಕೈಗೆ ಸಿಕ್ಕಿದ ಪೆನ್ನಿನಲ್ಲಿ ಮಾಡಿಬಿಡಬೇಡ. ಕೆಂಪು ನಡೆಯುವುದಿಲ್ಲವಂತೆ.