ಬಾಗಿಲಿಗೆ ಅಡ್ಡ ನಿಂತ ನ್ಯಾಯ

ಅಕ್ಕನಿಗೆ ನಮಸ್ಕಾರ.

ಊರು ಇನ್ನೂ ಹೊಸದೆನಿಸಿದರೂ ಆರಾಮಾಗಿದ್ದೇನೆ. ನಮ್ಮ ಹೊಸ ಕಾನೂನು ಕಾಲೇಜು ಭರ್ಜರಿಯಾಗಿ ಬೆಳೆಯುತ್ತಿದೆ. ಹೋದ ವರ್ಷ ಹನ್ನೊಂದು ಜನರಿದ್ದೆವು, ಈಗ ಅರವತ್ತು. ಬೆಂಚು ಮಾತ್ರ ಅಷ್ಟೇ ಇವೆ. ನೆಲದ ಮೇಲೆ ಕೂತು ಕೂತು ನನ್ನ ಮಂಡಿ ಹಿಡಿದುಕೊಂಡಿದೆ, ಭಾವನ ನೋವಿನೆಣ್ಣೆ ಸ್ವಲ್ಪ ಕಳಿಸು.

‘ನ್ಯಾಯ ಪ್ರತಿ ಮನೆಯ ಬಾಗಿಲಿಗೆ’ ಎಂಬುದು ಕಾಲೇಜಿನ ಗುರಿ. ಪ್ರಿನ್ಸಿಪಾಲರು ಅದನ್ನು ದೊಡ್ಡ ಬೋರ್ಡಿನಲ್ಲಿ ಬರೆಸಿ, ಪಕ್ಕದ ಇಸ್ತ್ರಿಯವಳ ಬಾಗಿಲಿಗೇ ಅಡ್ಡ ನಿಲ್ಲಿಸಿಬಿಟ್ಟರು!

ನಿನ್ನೆ ಕ್ಲಾಸಿನಲ್ಲಿ ಅಣಕು ನ್ಯಾಯಾಲಯ ನಡೆಯುತ್ತಿತ್ತು. ಕಿಟಕಿಯ ಕಪ್ಪು ಪರದೆ ಹೊದ್ದು ನಾನೇ ಜಡ್ಜ್ ಆಗಿದ್ದೆ. ಆಕೆ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದೇ ಒಳಗೆ ನುಗ್ಗಿದಳು.

“ಜಡ್ಜಮ್ಮಾ, ಮೂರು ದಿನದಿಂದ ಕಿಟಕಿ ಹಾರಿ ಓಡಾಡ್ತಿದ್ದೀನಿ. ಇದೇನಾ ನಿಮ್ಮ ನ್ಯಾಯ?”

ಇದು ಸುಳ್ಳು ಕೋರ್ಟು ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಪ್ರಿನ್ಸಿಪಾಲರೇ ಎದ್ದು ಬೋರ್ಡಿನ ಪರವಾಗಿ ಅರ್ಧ ಗಂಟೆ ವಾದಿಸಿದರು. ನನಗೆ ಅಂಕ ಕೊಡುವವರೂ ಅವರೇ. ಆದರೂ “ಬೋರ್ಡು ತೆಗೀರಿ ಸಾರ್” ಎಂದು ತೀರ್ಪಿತ್ತೆ. ಅವರು ನನ್ನನ್ನು ದುರುಗುಟ್ಟಿ ನೋಡಿ, ತಾವೇ ಹೋಗಿ ಅದನ್ನು ಕಿತ್ತು ಬಂದರು. ಆಮೇಲೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು.

“ತೀರ್ಪೇನೋ ಸರಿ ಕಣಮ್ಮ. ಆದ್ರೆ ಜಡ್ಜು ಯಾರಿಗೂ ಸಾರ್ ಅನ್ನಬಾರ್ದು” ಎಂದರು.

“ಸರಿ ಸಾರ್” ಎಂದೆ.

ಗಂಟೆ ಹೊಡೆಯಿತು, ಓಡಿದೆ.
ನಿನ್ನ ತಂಗಿ